ಮೊದಲ ಮಿರರ್‌ಲೆಸ್ ಕ್ಯಾಮೆರಾ: ಬಳ್ಳಾರಿ, ಕೊಪ್ಪಳ, ರಾಯಚೂರಿನ ಬಿಸಿಲು ಮತ್ತು ಧೂಳಿಗೆ ಒಗ್ಗುವಂಥದ್ದನ್ನು ಆರಿಸುವ ಬಗೆ

ಮಿರರ್‌ಲೆಸ್ ಎಂದರೆ ಒಳಗೆ ಕನ್ನಡಿ ಇಲ್ಲದ, ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ. ಅದನ್ನು ಕೊಳ್ಳುವಾಗ ಬಾಡಿಯನ್ನು, ಅಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾವನ್ನು, ಕೊನೆಗೆ ಆರಿಸಬೇಕು. ಏನನ್ನು ತೆಗೆಯುತ್ತೀರಿ ಎನ್ನುವುದರ ಮೇಲೆ ಲೆನ್ಸ್ ನಿಲ್ಲುತ್ತದೆ, ಲೆನ್ಸ್ ಮೇಲೆ ಮೌಂಟ್ (ಬಾಡಿಯಲ್ಲಿ ಲೆನ್ಸ್ ಕೂರುವ ಬಳೆ) ನಿಲ್ಲುತ್ತದೆ, ಮೌಂಟ್ ಗೊತ್ತಾದ ಮೇಲೆ ಉಳಿಯುವ ಬಾಡಿಗಳು ಎರಡೋ ಮೂರೋ ಅಷ್ಟೆ. ಹೆಚ್ಚಿನವರು ಇದನ್ನು ತಿರುವುಮುರುವಾಗಿ ಮಾಡುತ್ತಾರೆ. ಆಫರ್‌ನಲ್ಲಿ ಬಂದ ಬಾಡಿ ಕೊಂಡು, ಬೇಕಾದ ಲೆನ್ಸ್ ಆ ಮೌಂಟಿಗೆ ಇಲ್ಲ ಅಥವಾ ಕೈಗೆಟುಕುವ ಬೆಲೆಯಲ್ಲಿಲ್ಲ ಎಂದು ಆರು ತಿಂಗಳ ನಂತರ ಗೊತ್ತಾಗುತ್ತದೆ. ಅಷ್ಟರಲ್ಲಿ ಬಾಡಿಯ ಬೆಲೆ ಇಳಿದಿರುತ್ತದೆ.

ಮೆಗಾಪಿಕ್ಸೆಲ್ ಲೆಕ್ಕವನ್ನು ಈಗಲೇ ಬಿಟ್ಟುಬಿಡಿ. ಇಂದಿನ ಆರಂಭಿಕ ಮಾದರಿಗಳೆಲ್ಲ 20ರಿಂದ 26 ಮೆಗಾಪಿಕ್ಸೆಲ್ ಒಳಗೇ ಇವೆ. ಆ ವ್ಯತ್ಯಾಸ ಚಿತ್ರದಲ್ಲಿ ಕಾಣುವುದಿಲ್ಲ.

ಹೆಜ್ಜೆ 1: ವರ್ಷದಲ್ಲಿ ಏನೇನು ತೆಗೆಯುತ್ತೀರಿ, ಬರೆದಿಡಿ

ಒಂದು ಹಾಳೆಯಲ್ಲಿ ನಿಮ್ಮೂರಿನ ಸುತ್ತ ನೀವು ನಿಜವಾಗಿ ಹೋಗುವ ಜಾಗಗಳನ್ನು ಬರೆಯಿರಿ. ಎಂದೋ ಒಮ್ಮೆ ಹೋಗಬಹುದಾದ ಲಡಾಖ್ ಬೇಡ. ನಮ್ಮ ಭಾಗದವರ ಪಟ್ಟಿ ಹೆಚ್ಚುಕಡಿಮೆ ಹೀಗಿರುತ್ತದೆ: ಆನೆಗೊಂದಿ ಸುತ್ತಲಿನ ಬಂಡೆಗುಡ್ಡಗಳು, ಗಂಗಾವತಿ–ಸಿಂಧನೂರಿನ ಭತ್ತದ ಗದ್ದೆ, ಬಳ್ಳಾರಿ, ರಾಯಚೂರು, ಮುದಗಲ್ ಕೋಟೆಗಳು, ಇಟಗಿಯ ಮಹಾದೇವ ದೇವಾಲಯ, ಜನವರಿಯ ಕೊಪ್ಪಳ ಗವಿಮಠದ ಜಾತ್ರೆ, ದರೋಜಿಯ ಕರಡಿಗಳು, ತುಂಗಭದ್ರಾ ಹಿನ್ನೀರಿಗೆ ಚಳಿಗಾಲದಲ್ಲಿ ಬರುವ ವಲಸೆ ಹಕ್ಕಿಗಳು. ಇವುಗಳ ಜೊತೆಗೆ ಮನೆಯ ಮಕ್ಕಳು, ಮದುವೆ, ಹಬ್ಬ.

ಈ ಪಟ್ಟಿ ಮೂರು ಗುಂಪಾಗುತ್ತದೆ. ಗುಡ್ಡ, ಗದ್ದೆ, ಕೋಟೆಗೆ ಕ್ಯಾಮೆರಾದ ಜೊತೆ ಬರುವ ಕಿಟ್ ಲೆನ್ಸೇ ಸಾಕು. ಗುಡಿಯ ಒಳಾಂಗಣ, ಸಂಜೆಯ ತೇರು, ಮನೆಯೊಳಗಿನ ಮಕ್ಕಳಿಗೆ ಹೆಚ್ಚು ಬೆಳಕು ಒಳಬಿಡುವ ಲೆನ್ಸ್ ಬೇಕು. ಕರಡಿ, ಹಕ್ಕಿಗಳಿಗೆ ಉದ್ದದ ಲೆನ್ಸ್. ಪ್ರತಿ ಗುಂಪಿನ ಮುಂದೆ ವರ್ಷಕ್ಕೆ ಎಷ್ಟು ಸಲ ಎಂದು ಬರೆಯಿರಿ. ಮೊದಲ ವರ್ಷ ಅತಿ ಹೆಚ್ಚು ಸಲ ಬಂದ ಗುಂಪಿಗೆ ಮಾತ್ರ ಹಣ ಹಾಕಿ.

ಹೆಜ್ಜೆ 2: ಸೆನ್ಸರ್ ಅಳತೆ

ಸೆನ್ಸರ್ ಎಂದರೆ ಬೆಳಕನ್ನು ಹಿಡಿದು ಚಿತ್ರವಾಗಿಸುವ ಚಿಪ್. ದೊಡ್ಡ ಅಳತೆಯ ಫುಲ್ ಫ್ರೇಮ್ ಸೆನ್ಸರ್ 36×24 ಮಿ.ಮೀ. ನಿಕಾನ್, ಸೋನಿ, ಫ್ಯೂಜಿಫಿಲ್ಮ್‌ನ ಚಿಕ್ಕ ಅಳತೆಯ ಎಪಿಎಸ್-ಸಿ ಸೆನ್ಸರ್ ಸುಮಾರು 23.5×15.6 ಮಿ.ಮೀ., ಕ್ಯಾನನ್‌ನದು 22.3×14.9 ಮಿ.ಮೀ. ಹವ್ಯಾಸಕ್ಕೆ ಎಪಿಎಸ್-ಸಿ ತೆಗೆದುಕೊಳ್ಳಿ. ಫುಲ್ ಫ್ರೇಮ್ ಬಾಡಿ ಕಡಿಮೆ ಬೆಲೆಗೆ ಸಿಕ್ಕರೂ ಅದರ ಲೆನ್ಸ್‌ಗಳು ಭಾರ ಮತ್ತು ದುಬಾರಿ. ಬಾಡಿ ಕೊಂಡ ಮೇಲೆ ಅಂಥ ಲೆನ್ಸಿಗೆ ಹಣ ಉಳಿಯುವುದಿಲ್ಲ.

ಸಣ್ಣ ಸೆನ್ಸರ್ ದೃಶ್ಯದ ನಡುವಿನ ಭಾಗವನ್ನಷ್ಟೇ ಹಿಡಿಯುವುದರಿಂದ ಫುಲ್ ಫ್ರೇಮಿಗೆ ಹೋಲಿಸಲು ಲೆನ್ಸ್ ಮೇಲಿನ ಮಿ.ಮೀ. ಸಂಖ್ಯೆಯನ್ನು ನಿಕಾನ್, ಸೋನಿ, ಫ್ಯೂಜಿಯಲ್ಲಿ 1.5ರಿಂದ, ಕ್ಯಾನನ್‌ನಲ್ಲಿ 1.6ರಿಂದ ಗುಣಿಸಿ ನೋಡಬೇಕು. ಆ ಸಂಖ್ಯೆ ಚಿಕ್ಕದಾದಷ್ಟು ದೃಶ್ಯ ಅಗಲ. ಗುಡಿಯೊಳಗೆ ಇದರ ಪರಿಣಾಮ ಗೊತ್ತಾಗುತ್ತದೆ. ನಿಕಾನ್ ಮತ್ತು ಸೋನಿಯ ಕಿಟ್ ಲೆನ್ಸ್ 16 ಮಿ.ಮೀ.ನಿಂದ ಶುರು, ಕ್ಯಾನನ್‌ನದು 18ರಿಂದ. ಐದು ಮೀಟರ್ ದೂರದ ಗೋಡೆಯಲ್ಲಿ ನಿಕಾನ್ 7.3 ಮೀಟರ್ ಅಗಲ ಹಿಡಿದರೆ ಕ್ಯಾನನ್ 6.2 ಮೀಟರ್ ಹಿಡಿಯುತ್ತದೆ. ಹಿಂದೆ ಸರಿಯಲು ಜಾಗವಿಲ್ಲದ ಮಂಟಪದಲ್ಲಿ ಒಂದು ಮೀಟರ್ ಅಂದರೆ ಒಂದು ಕಂಬ ಫ್ರೇಮಿನಿಂದ ಹೊರಗೆ.

ಹೆಜ್ಜೆ 3: ಲೆನ್ಸ್ ಲೆಕ್ಕ

ಇಡೀ ಆಯ್ಕೆಯಲ್ಲಿ ಹೆಚ್ಚು ಹೊತ್ತು ಕೂರಬೇಕಾದದ್ದು ಇಲ್ಲಿ.

ಉದ್ದದ ಲೆನ್ಸಿಗೆ ಒಂದು ಸರಳ ಸೂತ್ರವಿದೆ: ಸೆನ್ಸರ್ ಅಗಲವನ್ನು ದೂರದಿಂದ ಗುಣಿಸಿ, ಲೆನ್ಸಿನ ಮಿ.ಮೀ.ನಿಂದ ಭಾಗಿಸಿದರೆ ಫ್ರೇಮಿಗೆ ಎಷ್ಟು ಅಗಲ ಸಿಗುತ್ತದೆಂದು ಗೊತ್ತಾಗುತ್ತದೆ. ದರೋಜಿಯಲ್ಲಿ ವೀಕ್ಷಣಾ ಗೋಪುರದಿಂದಲೇ ಕರಡಿ ನೋಡಬೇಕು, ಹತ್ತಿರ ಹೋಗುವಂತಿಲ್ಲ. ದೂರ 100 ಮೀಟರ್ ಎಂದಿಟ್ಟುಕೊಳ್ಳಿ. 23.5 ಮಿ.ಮೀ. ಸೆನ್ಸರ್, 250 ಮಿ.ಮೀ. ಲೆನ್ಸ್ ಇದ್ದರೆ ಫ್ರೇಮಿನ ಅಗಲ 9.4 ಮೀಟರ್. ಒಂದೂವರೆ ಮೀಟರ್ ಉದ್ದದ ಕರಡಿ ಅದರ ಆರನೇ ಒಂದು ಭಾಗ. ಅಗಲಕ್ಕೆ 5568 ಪಿಕ್ಸೆಲ್ ಇರುವ ಚಿತ್ರದಲ್ಲಿ ಕರಡಿಗೆ ಸಿಗುವುದು 900 ಪಿಕ್ಸೆಲ್ ಒಳಗೆ. ಮೊಬೈಲಿನಲ್ಲಿ ಹಂಚಿಕೊಳ್ಳಲು ಸಾಕು, ಪ್ರಿಂಟ್ ಹಾಕಿಸಲು ಸಾಲದು. ಅದೇ 400 ಮಿ.ಮೀ. ಲೆನ್ಸ್ ಆದರೆ ಕರಡಿ ಫ್ರೇಮಿನ ಕಾಲುಭಾಗ ತುಂಬುತ್ತದೆ, 1400 ಪಿಕ್ಸೆಲ್ ಸಿಗುತ್ತದೆ. ಇದರ ಮೇಲೆ ಏಪ್ರಿಲ್‌ನಲ್ಲಿ ಕಾದ ಬಂಡೆಗಳಿಂದ ಏಳುವ ಬಿಸಿಗಾಳಿ ದೂರದ ಚಿತ್ರವನ್ನು ಕಲಕುತ್ತದೆ, ಫೋಕಸ್ ಸರಿಯಿದ್ದರೂ ಮಸುಕು ಬರುತ್ತದೆ. ಅದನ್ನು ಯಾವ ಲೆನ್ಸೂ ಸರಿಮಾಡದು. ಬಿಸಿಲು ಇಳಿದ ಮೇಲೆ ತೆಗೆಯುವುದೊಂದೇ ದಾರಿ.

ಬೆಳಕಿನ ಲೆಕ್ಕಕ್ಕೆ ಎಫ್ ಸಂಖ್ಯೆ ನೋಡಿ, ಅದು ಚಿಕ್ಕದಾದಷ್ಟು ಲೆನ್ಸ್ ಹೆಚ್ಚು ಬೆಳಕು ಬಿಡುತ್ತದೆ. ಎರಡು ಎಫ್ ಸಂಖ್ಯೆಗಳನ್ನು ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿದರೆ ಎಷ್ಟು ಪಟ್ಟು ಬೆಳಕು ಎಂದು ತಿಳಿಯುತ್ತದೆ. ಕ್ಯಾನನ್ ಕಿಟ್ ಲೆನ್ಸ್ 45 ಮಿ.ಮೀ.ನಲ್ಲಿ ಎಫ್/6.3. ಅದರ ಬದಲು 50 ಮಿ.ಮೀ. ಎಫ್/1.8 ಹಾಕಿದರೆ 12 ಪಟ್ಟು ಬೆಳಕು ಒಳಬರುತ್ತದೆ. ಸಂಜೆ ತೇರು ಎಳೆಯುವಾಗ ಕಿಟ್ ಲೆನ್ಸಿಗೆ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 6400 ಬೇಕಾದ ಕಡೆ ಇದಕ್ಕೆ ಐಎಸ್‌ಒ 500 ಸಾಕು. ಕಾಳು ಕಾಳಾದ ಚಿತ್ರಕ್ಕೂ ನುಣುಪಾದ ಚಿತ್ರಕ್ಕೂ ಇರುವ ಅಂತರ ಇದೇ. ಬಾಡಿ ಬದಲಿಸಿ ಇಷ್ಟು ಲಾಭ ಪಡೆಯಲು ಲಕ್ಷ ರೂಪಾಯಿ ಸುರಿದರೂ ಆಗದು.

ಅಲುಗಾಟ ತಡೆಯ ವಿಷಯದಲ್ಲಿ ಗೊಂದಲ ಹೆಚ್ಚು. ಕ್ಯಾನನ್ ಐಎಸ್, ನಿಕಾನ್ ವಿಆರ್, ಸೋನಿ ಓಎಸ್‌ಎಸ್ ಎಂದು ಕರೆಯುವುದು ಒಂದೇ ಗುಣವನ್ನು. ಇದು ನಿಮ್ಮ ಕೈ ನಡುಕವನ್ನು ಮಾತ್ರ ತಡೆಯುತ್ತದೆ, ಎದುರಿನವರ ಚಲನೆಯನ್ನಲ್ಲ. ಇಟಗಿಯ ದೇವಾಲಯವನ್ನು 1112ರಲ್ಲಿ ಕಟ್ಟಿಸಿದ್ದು. ಅದರ ಒಳಗಿನ ಕಡೆದ ಕಂಬಗಳು ನಿಂತಲ್ಲೇ ನಿಂತಿವೆ, ಅವನ್ನು ಅಲುಗಾಟ ತಡೆ ಇರುವ ಕಿಟ್ ಲೆನ್ಸಿನಲ್ಲಿ ಉಸಿರು ಹಿಡಿದು ಸೆಕೆಂಡಿನ 1/8 ಭಾಗದಲ್ಲೂ ಚೆನ್ನಾಗಿ ತೆಗೆಯಬಹುದು. ಅದೇ 1/8ರಲ್ಲಿ ಆರತಿ ಎತ್ತುವ ಅರ್ಚಕರು ಮಸುಕಾಗುತ್ತಾರೆ, ಅಲ್ಲಿ ಎಫ್/1.8 ಬೇಕು. ಟ್ರೈಪಾಡ್ ಒಯ್ಯುತ್ತೇನೆ ಎನ್ನುವವರು ಗಮನಿಸಿ: ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳಲ್ಲಿ ಅದಕ್ಕೆ ಅನುಮತಿ ಪಡೆಯಬೇಕು.

ಹೆಜ್ಜೆ 4: ಮೌಂಟ್

ಮೌಂಟ್ ಎಂದರೆ ಬಾಡಿಯ ಮೇಲೆ ಲೆನ್ಸ್ ಕೂರುವ ಲೋಹದ ಬಳೆ. ಒಂದು ಕಂಪನಿಯದು ಇನ್ನೊಂದಕ್ಕೆ ಕೂರುವುದಿಲ್ಲ, ಹಾಗಾಗಿ ಇದು ಹಲವು ವರ್ಷಗಳ ಸಂಬಂಧ.

ಹಕ್ಕಿ, ಪ್ರಾಣಿಗಳೇ ನಿಮ್ಮ ಪಟ್ಟಿಯ ಮೇಲಿದ್ದರೆ ಕ್ಯಾನನ್ ಆರ್‌ಎಫ್ ಆರಿಸಿ. ಅದಕ್ಕೊಂದೇ ಕಾರಣ: 100-400 ಮಿ.ಮೀ. ಎಫ್/5.6-8 ಲೆನ್ಸ್. ಮುಕ್ಕಾಲು ಕಿಲೋಗಿಂತ ಕಡಿಮೆ ತೂಕ, ಹವ್ಯಾಸಿಗಳ ಕೈಗೆ ಎಟುಕುವ ಬೆಲೆ. ಮುಂಜಾನೆಯ ಮಬ್ಬಿನಲ್ಲಿ ಎಫ್/8 ತಿಣುಕುತ್ತದೆ, ಆದರೆ ನಮ್ಮ ಭಾಗದ ಬಿಸಿಲಿಗೆ ಕೊರತೆಯಿಲ್ಲ. ಸೋನಿಯಲ್ಲಿ 70-350 ಮಿ.ಮೀ. ತೀಕ್ಷ್ಣವಾದ ಲೆನ್ಸ್, ಬೆಲೆ ಹೆಚ್ಚು. ನಿಕಾನ್ ಝಡ್‌ನಲ್ಲಿ 50-250 ಮಿ.ಮೀ. ಅಗ್ಗ, ಹಗುರ. ಅದರಿಂದ ತುಂಬ ಮುಂದೆ ಹೋದರೆ 180-600 ಇದೆ, ಅದು ದುಬಾರಿ, ತೂಕ ಸುಮಾರು ಎರಡು ಕಿಲೋ.

ಮನುಷ್ಯರು, ಗುಡಿ, ಜಾತ್ರೆ ಹೆಚ್ಚಾದರೆ ಸೋನಿ ಇ ಮೌಂಟಿನಲ್ಲಿ ಆಯ್ಕೆ ಎಲ್ಲಕ್ಕಿಂತ ವಿಶಾಲ, ಸೆಕೆಂಡ್ ಹ್ಯಾಂಡ್ ಲೆನ್ಸ್‌ಗಳೂ ಸುಲಭವಾಗಿ ಸಿಗುತ್ತವೆ. ಸಿಗ್ಮಾ 18-50 ಮಿ.ಮೀ. ಎಫ್/2.8 ಒಂದೇ ಲೆನ್ಸಿನಲ್ಲಿ ಮುಕ್ಕಾಲು ಕೆಲಸ ಮುಗಿಸುತ್ತದೆ, ಅದು ಸೋನಿ, ಫ್ಯೂಜಿ, ಕ್ಯಾನನ್ ಮೂರಕ್ಕೂ ಬರುತ್ತದೆ. ಸಿಗ್ಮಾದ 16, 30, 56 ಮಿ.ಮೀ. ಎಫ್/1.4 ಲೆನ್ಸ್‌ಗಳು ನಿಕಾನ್‌ಗೂ ಸಿಗುತ್ತವೆ. ಮನೆಯಲ್ಲಿ ಹಳೆಯ ಕ್ಯಾನನ್ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಲೆನ್ಸ್ ಇದ್ದರೆ ನಡುವೆ ಕೂರಿಸುವ ಅಡಾಪ್ಟರ್ ಹಾಕಿ ಆರ್‌ಎಫ್ ಬಾಡಿಯಲ್ಲಿ ಆಟೋಫೋಕಸ್ ಸಮೇತ ಬಳಸಬಹುದು. ನಿಕಾನ್‌ನಲ್ಲಿ ಎಚ್ಚರ: ಒಳಗೆ ಮೋಟಾರ್ ಇಲ್ಲದ ಹಳೆಯ ಎಎಫ್-ಡಿ ಲೆನ್ಸ್‌ಗಳು ನಿಕಾನ್‌ನದೇ ಎಫ್‌ಟಿಝಡ್ ಅಡಾಪ್ಟರಿನಲ್ಲಿ ಕೂತರೂ ಕೈಯಿಂದಲೇ ಫೋಕಸ್ ಮಾಡಬೇಕು.

ಹೆಜ್ಜೆ 5: ಈಗ ಬಾಡಿ

ನಮ್ಮ ಮೂರು ಜಿಲ್ಲೆಗಳವರಿಗೆ ಒಂದು ಷರತ್ತು ಸಡಿಲಿಸಲೇಬಾರದು: ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಇರಬೇಕು. ಮಾರ್ಚ್‌ನಿಂದ ಜೂನ್‌ವರೆಗೆ ಬೆಳಿಗ್ಗೆ ಒಂಬತ್ತಾದ ಮೇಲೆ ಬಯಲಿನಲ್ಲಿ ಹಿಂದಿನ ಸ್ಕ್ರೀನ್ ಕಾಣುವುದಿಲ್ಲ. ಸ್ಕ್ರೀನ್ ಕಾಣದಿದ್ದರೆ ಫೋಕಸ್ ಎಲ್ಲಿ ಬಿತ್ತು, ಆಕಾಶ ಸುಟ್ಟು ಬೆಳ್ಳಗಾಯಿತೆ ಎಂದು ತಿಳಿಯದೆ ಊಹೆಯ ಮೇಲೆ ತೆಗೆಯಬೇಕಾಗುತ್ತದೆ. ಮೇಲಾಗಿ ಕ್ಯಾಮೆರಾ ಹಣೆಗೆ ಒತ್ತಿ ಹಿಡಿದಾಗ ಕೈ ನಡುಕವೂ ಕಡಿಮೆ. ನಿಕಾನ್ ಝಡ್30, ಸೋನಿ ಝಡ್‌ವಿ-ಇ10, ಫ್ಯೂಜಿ ಎಕ್ಸ್-ಎಂ5 ಈ ಕಾರಣಕ್ಕೇ ಪಟ್ಟಿಯಿಂದ ಹೊರಗೆ. ಅವು ಕೆಟ್ಟ ಕ್ಯಾಮೆರಾಗಳಲ್ಲ, ವಿಡಿಯೊ ಮಾಡುವವರಿಗೆಂದು ಮಾಡಿದವು.

ಉಳಿದವುಗಳಲ್ಲಿ ಹೀಗೆ ನೋಡಿ. ಕ್ಯಾನನ್ ಆರ್100 ಎಲ್ಲಕ್ಕಿಂತ ಅಗ್ಗ. ಆದರೆ ಅದರ ಸ್ಕ್ರೀನ್ ತಿರುಗುವುದಿಲ್ಲ, ಟಚ್ ಕೂಡ ಇಲ್ಲ, ಪ್ರಾಣಿಗಳ ಕಣ್ಣು ಗುರುತಿಸುವುದಿಲ್ಲ, 4ಕೆ ವಿಡಿಯೊದಲ್ಲಿ ದೃಶ್ಯದ ಅಂಚು ಕತ್ತರಿಸುತ್ತದೆ. ಹಣ ತೀರಾ ಬಿಗಿಯಿದ್ದರೆ ಮಾತ್ರ ಇದು. ಸ್ವಲ್ಪ ತಡೆದು ಆರ್50 ಕೊಳ್ಳುವುದು ಒಳ್ಳೆಯದು: ಬ್ಯಾಟರಿ, ಕಾರ್ಡ್ ಸೇರಿ 375 ಗ್ರಾಂ, ಮನುಷ್ಯ, ಪ್ರಾಣಿ, ಹಕ್ಕಿ, ವಾಹನ ಗುರುತಿಸುವ ಆಟೋಫೋಕಸ್, ಅಂಚು ಕತ್ತರಿಸದ 4ಕೆ. ಆರ್10ರಲ್ಲಿ ಎರಡು ಡಯಲ್, ದಪ್ಪ ಹಿಡಿ. ಮ್ಯಾನುವಲ್ ಕಲಿಯಬೇಕೆನ್ನುವವರಿಗೆ ಎರಡು ಡಯಲ್ ದೊಡ್ಡ ಅನುಕೂಲ: ಒಂದರಲ್ಲಿ ಶಟರ್ (ಬೆಳಕು ಬೀಳುವ ಹೊತ್ತು), ಇನ್ನೊಂದರಲ್ಲಿ ಅಪರ್ಚರ್ (ಎಫ್ ಸಂಖ್ಯೆ), ಮೆನು ಹುಡುಕಬೇಕಾಗಿಲ್ಲ. 2024ರ ಕೊನೆಗೆ ಬಂದ ನಿಕಾನ್ ಝಡ್50-2ರ ವ್ಯೂಫೈಂಡರ್ ತುಂಬ ಪ್ರಕಾಶಮಾನ, ಬಿಸಿಲಿನಿಂದ ಕಣ್ಣು ತಂದು ಇಟ್ಟ ಕೂಡಲೇ ಕಾಣುತ್ತದೆ. ಹಿಡಿಯೂ ಭದ್ರ. ಬೆಲೆ ಹೊಂದಿದರೆ ನಮ್ಮ ಬಯಲುಸೀಮೆಗೆ ಮೊದಲ ಆಯ್ಕೆ ಇದೇ. ಸೋನಿ ಎ6400 2019ರದು, ಫೋಕಸ್ ಇಂದಿಗೂ ಚುರುಕು, ಮೆನು ಮಾತ್ರ ಹಳೆಯ ಕಾಲದ್ದು.

ಈ ಎಪಿಎಸ್-ಸಿ ಬಾಡಿಗಳಲ್ಲಿ ಯಾವುದರಲ್ಲೂ ಸೆನ್ಸರಿಗೇ ಅಲುಗಾಟ ತಡೆ ಇಲ್ಲ. ಅದು ಬೇಕೆಂದರೆ ಲೆನ್ಸಿನಲ್ಲಿ ಇರಬೇಕು.

ಅಂಗಡಿಯಲ್ಲಿ ಕೈಯಲ್ಲಿ ಹಿಡಿದು ನೋಡದೆ ಕೊಳ್ಳಬೇಡಿ. ಕಿರುಬೆರಳು ಹಿಡಿಯ ಕೆಳಗೆ ಜಾರಿ ನಿಂತರೆ ಉದ್ದದ ಲೆನ್ಸ್ ಹಾಕಿದಾಗ ಅರ್ಧ ಗಂಟೆಯಲ್ಲೇ ಮಣಿಕಟ್ಟು ನೋಯುತ್ತದೆ. ಕನ್ನಡಕ ಹಾಕುವವರು ಕನ್ನಡಕದೊಂದಿಗೇ ವ್ಯೂಫೈಂಡರಿನ ನಾಲ್ಕು ಮೂಲೆ ಕಾಣುತ್ತವೆಯೇ ನೋಡಿ.

ಹೆಜ್ಜೆ 6: ಹಣ ಹಂಚುವುದು

ಕೈಯಲ್ಲಿರುವ ಹಣದಲ್ಲಿ ನೂರಕ್ಕೆ ಎಪ್ಪತ್ತು ರೂಪಾಯಿಗಿಂತ ಹೆಚ್ಚು ಕಿಟ್ ಕ್ಯಾಮೆರಾಕ್ಕೆ ಹಾಕಬೇಡಿ. 80,000 ಇದ್ದರೆ 56,000. ಉಳಿದದ್ದರಲ್ಲಿ ಮೊದಲು ಎರಡನೇ ಬ್ಯಾಟರಿ ಮತ್ತು 64 ಜಿಬಿ ಕಾರ್ಡ್, ಆಮೇಲೆ ಎರಡನೇ ಲೆನ್ಸಿಗೆ ಕೂಡಿಡಿ. ಮಿರರ್‌ಲೆಸ್‌ನಲ್ಲಿ ವ್ಯೂಫೈಂಡರ್ ಸದಾ ಉರಿಯುವ ಪುಟ್ಟ ಸ್ಕ್ರೀನ್, ಆದ್ದರಿಂದ ಒಂದು ಚಾರ್ಜಿಗೆ ಮುನ್ನೂರು ಚಿತ್ರದ ಆಸುಪಾಸಿನಲ್ಲಿ ಬ್ಯಾಟರಿ ಮುಗಿಯುತ್ತದೆ. ಜಾತ್ರೆಯ ದಿನ ಮಧ್ಯಾಹ್ನಕ್ಕೇ ಕೈಕೊಡುತ್ತದೆ. ಕಾರ್ಡಿನ ಮೇಲೆ ವಿ30 ಗುರುತು ಇರಲಿ, ಅಂದರೆ ಸೆಕೆಂಡಿಗೆ ಕನಿಷ್ಠ 30 ಎಂಬಿ ಬರೆಯುವ ಭರವಸೆ. 100 ಎಂಬಿಪಿಎಸ್‌ನ (ಇದು ಮೆಗಾಬಿಟ್ ಲೆಕ್ಕ, ಎಂಟು ಬಿಟ್‌ಗೆ ಒಂದು ಬೈಟ್) 4ಕೆ ವಿಡಿಯೊಗೆ ಬೇಕಾದದ್ದು ಸೆಕೆಂಡಿಗೆ 12.5 ಎಂಬಿ ಮಾತ್ರ, ದುಬಾರಿ ಕಾರ್ಡ್ ಅನಗತ್ಯ. ನಕಲಿ ಕಾರ್ಡ್ ಬಹಳ ಹರಿದಾಡುತ್ತಿವೆ, ಬಿಲ್ ಇಲ್ಲದೆ ಕೊಳ್ಳಬೇಡಿ.

ಅಂಗಡಿಯವರು ಉಚಿತ ಎಂದು ಕೊಡುವ ಹಗುರ ಟ್ರೈಪಾಡ್ ಗಾಳಿಗೆ ನಡುಗುತ್ತದೆ. ಅದರ ಬದಲು ಗಾಳಿ ಊದುವ ರಬ್ಬರ್ ಬ್ಲೋವರ್ ಕೇಳಿ.

ಹೆಜ್ಜೆ 7: ಅಂಗಡಿಯಲ್ಲಿ ಪರೀಕ್ಷೆ

ಪೆಟ್ಟಿಗೆ, ಬಾಡಿ, ವಾರಂಟಿ ಕಾರ್ಡ್ ಮೂರರ ಸೀರಿಯಲ್ ನಂಬರ್ ಒಂದೇ ಇರಬೇಕು, ಬಿಲ್ಲಿನಲ್ಲಿ ಅಂಗಡಿಯ ಜಿಎಸ್‌ಟಿ ನಂಬರ್ ಇರಬೇಕು. ತುಂಬಾ ಕಡಿಮೆ ಬೆಲೆಗೆ ಕೊಡುವ ಹೊರದೇಶದ ಮಾಲಿಗೆ ಭಾರತದ ವಾರಂಟಿ ಇರುವುದಿಲ್ಲ. ರಿಪೇರಿಗೆ ಎಲ್ಲಿ ಕೊಡಬೇಕೆಂದು ಮೊದಲೇ ಕೇಳಿ. ರಾಯಚೂರಿನವರಿಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ.

ಆಮೇಲೆ ಈ ನಾಲ್ಕು ಚಿತ್ರ ತೆಗೆದು ದೊಡ್ಡದು ಮಾಡಿ ನೋಡಿ:

1. ಲೆನ್ಸ್ ಮುಚ್ಚಳ ಹಾಕಿ ಐಎಸ್‌ಒ 800, 1/60 ಸೆಕೆಂಡ್. ಕಪ್ಪಿನಲ್ಲಿ ಬಿಳಿ, ಕೆಂಪು, ನೀಲಿ ಚುಕ್ಕೆ ಹೊಳೆದರೆ ಪಿಕ್ಸೆಲ್ ದೋಷ.
2. ಎಫ್/16 ಇಟ್ಟು, ಫೋಕಸ್ ತಪ್ಪಿಸಿ ಬಿಳಿ ಗೋಡೆ. ಮಸುಕು ಬೂದುಚುಕ್ಕೆಗಳು ಕಂಡರೆ ಸೆನ್ಸರ್ ಮೇಲೆ ಧೂಳು. ಹೊಸ ಕ್ಯಾಮೆರಾದಲ್ಲಿ ಇದು ಕಂಡರೆ ಯಾರೋ ಬಳಸಿ ವಾಪಸ್ ಕೊಟ್ಟದ್ದಿರಬಹುದು.
3. ಇಟ್ಟಿಗೆ ಗೋಡೆ ಅಥವಾ ಗೋಡೆಗಂಟಿಸಿದ ದಿನಪತ್ರಿಕೆಗೆ ನೇರವಾಗಿ ನಿಂತು, ಅಪರ್ಚರ್ ಪೂರ್ತಿ ತೆರೆದು. ನಾಲ್ಕು ಮೂಲೆಗಳಲ್ಲಿ ಒಂದು ಮಾತ್ರ ಮಸುಕಾಗಿದ್ದರೆ ಲೆನ್ಸಿನ ಗಾಜು ಓರೆಯಾಗಿ ಕೂತಿದೆ, ಬೇರೆಯದನ್ನು ಕೇಳಿ.
4. ಒಬ್ಬರನ್ನು ಎದುರಿನಿಂದ ನಡೆದು ಬರಲು ಹೇಳಿ, ನಿರಂತರ ಫೋಕಸ್‌ನಲ್ಲಿ ಹತ್ತು ಚಿತ್ರ. ಏಳೆಂಟರಲ್ಲಾದರೂ ಕಣ್ಣು ಸ್ಪಷ್ಟವಿರಬೇಕು.

ಸೆಕೆಂಡ್ ಹ್ಯಾಂಡ್ ಆದರೆ ಇನ್ನೆರಡು ಕೆಲಸ. ಲೆನ್ಸ್ ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿ: ಜೇಡರ ಬಲೆಯಂಥ ಎಳೆಗಳು ಕಂಡರೆ ಬೂಷ್ಟು, ಬಿಟ್ಟುಬಿಡಿ. ಝೂಮ್ ತಿರುಗಿಸುವಾಗ ಕರಕರ ಸದ್ದು ಬಂದರೆ ಒಳಗೆ ಮಣ್ಣು ಸೇರಿದೆ. ನಿಕಾನ್‌ನಲ್ಲಿ ಶಟರ್ ಎಷ್ಟು ಸಲ ಓಡಿದೆ ಎಂಬ ಲೆಕ್ಕ ಚಿತ್ರದ ಒಳಮಾಹಿತಿಯಲ್ಲೇ ಇರುತ್ತದೆ.

ಹೆಜ್ಜೆ 8: ಮೊದಲ ದಿನದ ಸೆಟ್ಟಿಂಗ್

ರಾ (ಸೆನ್ಸರಿನ ಮೂಲ ಮಾಹಿತಿಯ ಕಡತ) ಮತ್ತು ಜೆಪೆಗ್ ಎರಡೂ ಉಳಿಯುವಂತೆ ಇಡಿ. ಮೋಡ್ ಡಯಲ್ ಅಪರ್ಚರ್ ಪ್ರಯಾರಿಟಿಗೆ: ಎಫ್ ಸಂಖ್ಯೆ ನೀವು ಆರಿಸುತ್ತೀರಿ, ಶಟರ್ ಕ್ಯಾಮೆರಾ ಆರಿಸುತ್ತದೆ. ಆಟೋ ಐಎಸ್‌ಒ ಮಿತಿ 6400, ಕನಿಷ್ಠ ಶಟರ್ 1/125. ಓಡಾಡುವ ಮಕ್ಕಳಿಗೂ ತೇರಿಗೂ 1/500. ಫೋಕಸ್ ನಿರಂತರದಲ್ಲಿ, ಕ್ಯಾನನ್‌ನಲ್ಲಿ ಅದರ ಹೆಸರು ಸರ್ವೊ. ನಡುಮಧ್ಯಾಹ್ನ ಬಂಡೆ, ಸುಣ್ಣ ಬಳಿದ ಗೋಪುರ ತೆಗೆಯುವಾಗ ಎಕ್ಸ್‌ಪೋಶರ್ –0.7 ಇಳಿಸಿ. ಬೆಳ್ಳಗೆ ಸುಟ್ಟ ಭಾಗವನ್ನು ಆಮೇಲೆ ತರಲಾಗದು, ಕತ್ತಲೆಯನ್ನು ರಾ ಕಡತದಲ್ಲಿ ಎತ್ತಬಹುದು.

ಜಾತ್ರೆಯ ಎಲ್‌ಇಡಿ ದೀಪಗಳ ಕೆಳಗೆ ಚಿತ್ರಕ್ಕೆ ಅಡ್ಡಪಟ್ಟೆ ಬಂದರೆ ಗಾಬರಿ ಬೇಡ. ನಮ್ಮ ವಿದ್ಯುತ್ 50 ಹರ್ಟ್ಸ್, ಅದರಲ್ಲಿ ಓಡುವ ಬಹಳಷ್ಟು ದೀಪ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ಎಲೆಕ್ಟ್ರಾನಿಕ್ ಶಟರ್ ಆಫ್ ಮಾಡಿ, 1/50 ಅಥವಾ 1/100ರಲ್ಲಿ ತೆಗೆಯಿರಿ. ಗವಿಮಠದ ತೇರಿಗೆ ಎಸೆಯುವ ಉತ್ತತ್ತಿ ಮುಂದೆ ನಿಂತವರ ಮೇಲೂ ಬೀಳುತ್ತದೆ, ಲೆನ್ಸಿನ ಮುಂದೆ ಹುಡ್ (ಮರೆಯ ಕೊಳವೆ) ಹಾಕಿರಿ.

ಹೆಜ್ಜೆ 9: ಧೂಳು, ಬಿಸಿ

ಡಿಎಸ್‌ಎಲ್‌ಆರ್‌ನಲ್ಲಿ ಸೆನ್ಸರ್ ಮುಂದೆ ಕನ್ನಡಿಯೂ ಶಟರೂ ಇದ್ದವು. ಮಿರರ್‌ಲೆಸ್‌ನ ಆರಂಭಿಕ ಮಾದರಿಗಳಲ್ಲಿ ಲೆನ್ಸ್ ತೆಗೆದರೆ ಸಾಮಾನ್ಯವಾಗಿ ಸೆನ್ಸರೇ ಬಯಲಾಗುತ್ತದೆ. ಸಂಡೂರು ಕಡೆಯ ಅದಿರಿನ ಕೆಂಧೂಳು, ಶಕ್ತಿನಗರದ ಹಾರುಬೂದಿ, ಬೇಸಿಗೆಯ ಎರೆಹೊಲದ ಪುಡಿ, ಸುಗ್ಗಿಯ ಭತ್ತದ ಹೊಟ್ಟಿನ ಧೂಳು ಎಲ್ಲವೂ ಬಹಳ ಸಣ್ಣ ಕಣಗಳು. ಹಾಗಾಗಿ ಬಯಲಿನಲ್ಲಿ ಲೆನ್ಸ್ ಬದಲಿಸದಿರುವುದೇ ಮೊದಲ ಉಪಾಯ, ದಿನಕ್ಕೊಂದು ಲೆನ್ಸ್ ಎಂದು ಮನೆಯಲ್ಲೇ ನಿರ್ಧರಿಸಿ ಹೊರಡಿ. ಬದಲಿಸಲೇಬೇಕಾದರೆ ಕ್ಯಾಮೆರಾ ಆಫ್ ಮಾಡಿ, ಏಕೆಂದರೆ ಚಾಲನೆಯಲ್ಲಿರುವ ಸೆನ್ಸರ್ ಧೂಳನ್ನು ಎಳೆದುಕೊಳ್ಳಬಹುದು. ಗಾಳಿಗೆ ಬೆನ್ನು ಕೊಟ್ಟು, ಬಾಡಿಯ ಬಾಯಿ ನೆಲದ ಕಡೆ ಮಾಡಿ, ಹೊಸ ಲೆನ್ಸಿನ ಹಿಂಮುಚ್ಚಳ ಮೊದಲೇ ಸಡಿಲಿಸಿಟ್ಟು ಬದಲಿಸಿ.

ಈ ಕ್ಯಾಮೆರಾಗಳಿಗೆ ಕಂಪನಿಗಳು ಹೇಳುವ ಬಳಕೆಯ ಉಷ್ಣತೆಯ ಮೇಲ್ಮಿತಿ 40 ಡಿಗ್ರಿ. ರಾಯಚೂರಿನ ಮೇ ತಿಂಗಳು ಅದನ್ನು ದಾಟುತ್ತದೆ. ಸ್ಥಿರಚಿತ್ರಕ್ಕೆ ತೊಂದರೆಯಾಗದು, ಉದ್ದದ 4ಕೆ ವಿಡಿಯೊ ಮಾತ್ರ ಬಿಸಿಯ ಎಚ್ಚರಿಕೆ ಕೊಟ್ಟು ನಿಲ್ಲಬಹುದು. ಒಂದೊಂದು ತುಣುಕನ್ನೂ ಚಿಕ್ಕದಾಗಿ ತೆಗೆಯಿರಿ, ನಡುವೆ ಬಿಳಿ ಟವೆಲ್ ಹೊದಿಸಿ. ನಿಲ್ಲಿಸಿದ ಕಾರಿನೊಳಗೆ, ಬೈಕಿನ ಟ್ಯಾಂಕ್ ಮೇಲೆ ಬ್ಯಾಟರಿ ಇಡಬೇಡಿ, ಉಬ್ಬುತ್ತದೆ.

ತಿಂಗಳಿಗೊಮ್ಮೆ ಎಫ್/16ರ ಬಿಳಿ ಗೋಡೆ ಪರೀಕ್ಷೆ ಮಾಡಿ. ಚುಕ್ಕೆ ಕಂಡರೆ ಮೆನುವಿನಲ್ಲಿರುವ ಸೆನ್ಸರ್ ಕ್ಲೀನಿಂಗ್ ಓಡಿಸಿ, ಹೋಗದಿದ್ದರೆ ಬಾಡಿಯನ್ನು ಬೋರಲು ಹಿಡಿದು ರಬ್ಬರ್ ಬ್ಲೋವರ್‌ನಿಂದ ನಾಲ್ಕೈದು ಸಲ ಊದಿ, ತುದಿ ಒಳಗೆ ಹೋಗದಂತೆ. ಬಾಯಿಂದ ಊದಿದರೆ ಎಂಜಲಿನ ಹನಿ ಅಂಟುತ್ತದೆ, ಒತ್ತಡದ ಗಾಳಿಡಬ್ಬಿಯಿಂದ ದ್ರವ ಚಿಮ್ಮಿ ಗಾಜಿನ ಮೇಲೆ ಕಲೆ ಉಳಿಯುತ್ತದೆ. ಅದಕ್ಕೂ ಜಗ್ಗದ ಚುಕ್ಕೆಗೆ ಎಪಿಎಸ್-ಸಿಗೆಂದೇ ಬರುವ 16 ಮಿ.ಮೀ. ಸ್ವಾಬ್ (ಸೆನ್ಸರ್ ಒರೆಸುವ ಕಡ್ಡಿ), ಎರಡು ಹನಿ ದ್ರಾವಣ, ಎಡದಿಂದ ಬಲಕ್ಕೆ ಒಂದೇ ಎಳೆತ. ಅದೇ ಸ್ವಾಬನ್ನು ತಿರುಗಿಸಿ ಬಲದಿಂದ ಎಡಕ್ಕೆ ಇನ್ನೊಂದು ಎಳೆತ, ಆಮೇಲೆ ಬಿಸಾಡಿ. ಉಜ್ಜಿದ ಸ್ವಾಬನ್ನು ಮತ್ತೆ ಬಳಸಿದರೆ ಅದರಲ್ಲಿ ಸಿಕ್ಕ ಅದಿರಿನ ಕಣವೇ ಗೀರು ಹಾಕುತ್ತದೆ.